ಅನಾಥ ಆನೆಮರಿಯನ್ನು ಕಾಡಿಗಾಗಿ ಬೆಳೆಸುವ ಬಗೆ

ಒಂಟಿಯಾಗಿ ಕಂಡ ಮರಿಯೆಲ್ಲ ಅನಾಥವಲ್ಲ. ಗುಂಡಿಗೆ ಬಿದ್ದ ಮರಿಯ, ಕಾಲುವೆ ದಾಟಲಾರದೆ ಹಿಂದುಳಿದ ಮರಿಯ ತಾಯಿ ಎಷ್ಟೋ ಸಲ ಹತ್ತಿರದಲ್ಲೇ ಇರುತ್ತಾಳೆ, ಜನ ಚದುರಿ ಕತ್ತಲಾದ ಮೇಲೆ ಹುಡುಕಿಕೊಂಡು ಬರುತ್ತಾಳೆ. ಹಾಗಾಗಿ ಮೊದಲು ಅರಣ್ಯ ಸಿಬ್ಬಂದಿಗೆ ತಿಳಿಸಿ, ಗುಂಪು ಸೇರದಂತೆ ನೋಡಿಕೊಂಡು ಹಿಂಡಿಗೆ ಸೇರಿಸಲು ಯತ್ನಿಸಬೇಕು. ಮುಟ್ಟಲೇಬೇಕಾಗಿ ಬಂದರೆ ಮರಿಯ ಮೈಗೆ ಆನೆ ಲದ್ದಿ, ಕೆಸರು ಸವರಿ ಮನುಷ್ಯರ ವಾಸನೆ ಅಡಗಿಸುತ್ತಾರೆ. ತಾಯಿ ಸತ್ತದ್ದು ಖಚಿತವಾದರೆ, ಇಲ್ಲವೇ ಹಿಂಡು ದೂರ ಹೋಗಿ ಮರಿ ನಿತ್ರಾಣವಾಗಿದ್ದರೆ ಮಾತ್ರ ಸಾಕಣೆಯ ಮಾತು. ಅದೂ ಅನುಮತಿ ಇರುವ ಕೇಂದ್ರದಲ್ಲಿ, ಪಶುವೈದ್ಯರ ಕಣ್ಣೆದುರು; ಮನೆ ಹಿತ್ತಲಲ್ಲಿ ಆಗುವ ಕೆಲಸವಲ್ಲ.

ಮರಿ ಬಂದ ತಕ್ಷಣ ಹಾಲು ಕೊಡಬೇಡಿ. ಹೊಟ್ಟೆ ಒಣಗಿ, ನೀರಿನಂಶ ಬತ್ತಿರುತ್ತದೆ. ಮೊದಲೆರಡು ಸಲ ಉಗುರುಬೆಚ್ಚಗಿನ ನೀರಿಗೆ ಓಆರ್‌ಎಸ್ ಬೆರೆಸಿ ಕೊಟ್ಟು, ಆಮೇಲೆ ತೆಳು ಹಾಲು, ಒಂದೆರಡು ದಿನ ಕಳೆದು ಪೂರ್ಣ ಹದದ ಹಾಲು. ಹೊಕ್ಕುಳು ಇನ್ನೂ ಹಸಿ ಇದ್ದರೆ ಅಯೋಡಿನ್ ಹಚ್ಚಿ. ಅಲ್ಲಿಂದ ಒಳಸೇರುವ ನಂಜು ನವಜಾತ ಮರಿಗಳನ್ನು ಕೊಲ್ಲುತ್ತದೆ. ಬಾವಿಗೆ ಬಿದ್ದು ಬಂದ ಮರಿಯ ಉಸಿರಾಟವನ್ನು ಹಲವು ದಿನ ಗಮನಿಸಿ. ಶ್ವಾಸಕೋಶಕ್ಕೆ ನೀರು ಹೋಗಿದ್ದರೆ ನ್ಯುಮೋನಿಯಾ ತಡವಾಗಿ ಕಾಣಿಸಿಕೊಳ್ಳುತ್ತದೆ.

ಹಾಲು

ಹಸುವಿನ ಹಾಲು ಕೊಟ್ಟು ಸೋತವರು ಬಹಳ. ಅದರ ಕೊಬ್ಬು ಆನೆಮರಿಗೆ ಅರಗುವುದಿಲ್ಲ, ಭೇದಿ ಹಿಡಿಯುತ್ತದೆ. ಆನೆ ಹಾಲಿನ ಕೊಬ್ಬಿನಲ್ಲಿ ಕ್ಯಾಪ್ರಿಕ್, ಲಾರಿಕ್ ಆಮ್ಲಗಳು ಹೆಚ್ಚು. ಲಾರಿಕ್ ಆಮ್ಲ ತೆಂಗಿನೆಣ್ಣೆಯಲ್ಲಿ ಧಾರಾಳ. ಕೀನ್ಯಾದಲ್ಲಿ ಅನಾಥ ಆನೆಮರಿಗಳನ್ನು ಸಾಕಿದ ಡಾಫ್ನೆ ಶೆಲ್ಡ್ರಿಕ್ ವರ್ಷಗಟ್ಟಲೆ ಪ್ರಯೋಗ ಮಾಡಿ, ಮಾನವ ಶಿಶುಗಳ ಹಾಲುಪುಡಿಗೆ ತೆಂಗಿನ ಕೊಬ್ಬು ಸೇರಿಸಿದರೆ ಮರಿ ಉಳಿಯುತ್ತದೆ ಎಂದು ಕಂಡುಕೊಂಡದ್ದು ಈ ಹಾದಿಯಲ್ಲೇ. ಎಣ್ಣೆಯ ಪ್ರಮಾಣವನ್ನು ವೈದ್ಯರು ಮರಿಯ ಲದ್ದಿ ನೋಡಿ ನಿಧಾನವಾಗಿ ಏರಿಸುತ್ತಾರೆ.

ಹುಟ್ಟಿದಾಗ ಮರಿಯ ತೂಕ ಸುಮಾರು 90ರಿಂದ 120 ಕಿಲೊ. ದಿನಕ್ಕೆ ತೂಕದ ಹತ್ತನೇ ಒಂದು ಭಾಗದಷ್ಟು ಹಾಲಿನಿಂದ ಶುರು ಮಾಡಿ: 100 ಕಿಲೊ ಮರಿಗೆ 10 ಲೀಟರ್. ಮೂರು ಗಂಟೆಗೊಮ್ಮೆ ಎಂದರೆ ಎಂಟು ಸಲ, ಸಲಕ್ಕೆ ಒಂದೂಕಾಲು ಲೀಟರ್. ರಾತ್ರಿಯ ಮೂರು ಗಂಟೆಯ ಸರದಿಯನ್ನು ತಪ್ಪಿಸುವ ಆಸೆ ಎಲ್ಲರಿಗೂ ಬರುತ್ತದೆ. ತಪ್ಪಿಸಿದರೆ ಬೆಳಗ್ಗೆ ಹಸಿದ ಮರಿ ಗಬಗಬ ಕುಡಿದು ಹೊಟ್ಟೆ ಕೆಡಿಸಿಕೊಳ್ಳುತ್ತದೆ. ಹಾಲು 37 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಲಿ. ಪ್ರತಿ ಸಲವೂ ಬಾಟಲಿ, ನಿಪ್ಪಲ್ ಕುದಿಸಿ ಬಳಸಿ.

ಮರಿ ಕುಡಿಯುವಾಗ ಸೊಂಡಿಲನ್ನು ಮೇಲೆತ್ತಿ ತಾಯಿಯ ಮೈಗೆ ಒರಗಿಸುತ್ತದೆ. ಆ ಆಸರೆ ಇಲ್ಲದಿದ್ದರೆ ಎಷ್ಟೋ ಮರಿಗಳು ಬಾಟಲಿ ಬಾಯಿಗೇ ತೆಗೆದುಕೊಳ್ಳುವುದಿಲ್ಲ. ಎರಡು ಕಂಬಗಳ ನಡುವೆ ದಪ್ಪ ಕಂಬಳಿ ಇಳಿಬಿಟ್ಟು, ಅದರ ಹಿಂದೆ ನಿಂತು ಪಕ್ಕದಿಂದ ಬಾಟಲಿ ಕೊಡಿ. ನಿಪ್ಪಲಿನ ತೂತು ದೊಡ್ಡದಾದರೆ ಹಾಲು ಶ್ವಾಸನಾಳಕ್ಕೆ ಇಳಿಯುತ್ತದೆ. ಕೆಮ್ಮಿದರೆ ಅಲ್ಲಿಗೇ ನಿಲ್ಲಿಸಿ.

ತೂಕದ ಯಂತ್ರವಿದ್ದರೆ ವಾರಕ್ಕೊಮ್ಮೆ ತೂಗಿ. ಇಲ್ಲದಿದ್ದರೆ ಕೆನ್ನೆ ನೋಡಿ. ಮರಿ ಸೊರಗುವುದು ಮೊದಲು ಕೆನ್ನೆಯಲ್ಲೇ ಕಾಣುವುದು, ಮೂಳೆ ಎದ್ದು ಗುಳಿ ಬೀಳುತ್ತದೆ.

ಜೊತೆಗಾರರು

ಮರಿಯನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡಬೇಡಿ, ಆದರೆ ಒಬ್ಬರಿಗೇ ಅಂಟಿಕೊಳ್ಳಲೂ ಬಿಡಬೇಡಿ. ಶೆಲ್ಡ್ರಿಕ್ ಸಾಕಿದ ಆಯಿಷಾ ಎಂಬ ಮರಿ, ಅವರು ಮಗಳ ಮದುವೆಗೆಂದು ಕೆಲ ದಿನ ದೂರ ಹೋದಾಗ ಕೊರಗಿ ಸತ್ತಿತು. ಆಮೇಲೆ ನೈರೋಬಿಯಲ್ಲಿನ ಅವರ ಆನೆಮರಿ ಕೇಂದ್ರದಲ್ಲಿ ಪಾಲಕರನ್ನು ಸರದಿಯ ಮೇಲೆ ಬದಲಿಸುವ ಪದ್ಧತಿ ಬಂತು: ಪ್ರತಿ ರಾತ್ರಿ ಬೇರೊಬ್ಬರು ಮರಿಯ ಕೊಟ್ಟಿಗೆಯಲ್ಲೇ ಮಲಗುತ್ತಾರೆ. ಒಣಹುಲ್ಲು ಹಾಸಿ, ಚಳಿಗೆ ಮರಿಗೆ ಕಂಬಳಿ ಹೊದಿಸಿ.

ತಳ್ಳುವ, ಗುದ್ದುವ ಚಾಳಿಯನ್ನು ಮೊದಲ ವಾರದಿಂದಲೇ ತಡೆಯಬೇಕು. 100 ಕಿಲೊ ಇದ್ದಾಗ ಮುದ್ದೆನಿಸಿದ್ದು ಕೆಲವೇ ವರ್ಷಗಳಲ್ಲಿ ಪಕ್ಕೆಲುಬು ಮುರಿಯುತ್ತದೆ. ಗಡಸು ದನಿ, ಬೆರಳೆತ್ತಿ ಗದರುವುದು, ಇಷ್ಟು ಸಾಕು, ಹೊಡೆಯಲೇಬಾರದು. ಗದರಿದ ಮೇಲೆ ಹೆಚ್ಚು ಹೊತ್ತು ದೂರವಿಡಬೇಡಿ.

ಬೆಳಗ್ಗೆ ಆರರ ಹಾಲು ಮುಗಿಸಿ ಮರಿಗಳನ್ನು ಕುರುಚಲು ಕಾಡಿಗೆ ಕರೆದೊಯ್ಯಿರಿ. ಪಾಲಕರು ಮುಂದೆ ನಡೆಯದೆ ಪಕ್ಕದಲ್ಲಿರಲಿ. ದಾರಿ ಆರಿಸುವುದು ದೊಡ್ಡ ಹೆಣ್ಣುಮರಿಯ ಕೆಲಸ, ಸಣ್ಣವು ಅವಳ ಹಿಂದೆ ಹೋಗಲಿ. ಬಿಸಿಲೇರಿದಾಗ ಕೆಸರಿನ ಹೊಂಡ. ತಾಯಿಯ ಹೊಟ್ಟೆಯ ಕೆಳಗಿನ ನೆರಳಿಲ್ಲದ ಎಳೆ ಮರಿಗೆ ಕಿವಿಯ ಹಿಂಭಾಗ ಸುಡುತ್ತದೆ: ಕೆಸರಾಟ ಕಲಿಯುವವರೆಗೆ ಕೊಡೆ ಹಿಡಿಯಿರಿ, ಸನ್‌ಸ್ಕ್ರೀನ್ ಹಚ್ಚಿ.

ಮೂರ್ನಾಲ್ಕು ತಿಂಗಳಿಗೆ ಮರಿ ಎಲೆ, ಹುಲ್ಲು ಕಚ್ಚಿ ನೋಡಲಾರಂಭಿಸುತ್ತದೆ. ಆಗ ದೊಡ್ಡ ಆನೆಯ ತಾಜಾ ಲದ್ದಿ ಸಿಗಬೇಕು. ಅದನ್ನು ತಿನ್ನುವುದರಿಂದಲೇ ಸೊಪ್ಪು ಅರಗಿಸುವ ಸೂಕ್ಷ್ಮಜೀವಿಗಳು ಹೊಟ್ಟೆ ಸೇರುವುದು. ಅಸಹ್ಯಪಟ್ಟು ಗುಡಿಸಿ ಎಸೆಯಬೇಡಿ, ಆದರೆ ರೋಗವಿಲ್ಲದ ಆನೆಯದೇ ಎಂದು ಖಚಿತಪಡಿಸಿಕೊಳ್ಳಿ. ಹೊರಗಿನಿಂದ ಮೇವು ತಂದರೂ ಕಾಡಿನ ಕೊಂಬೆ, ಹುಲ್ಲು, ತೊಗಟೆಯನ್ನೇ ತನ್ನಿ. ಬಾಳೆಹಣ್ಣು, ಕಬ್ಬು, ಬೆಲ್ಲ ಕೊಟ್ಟು ಬೆಳೆಸಿದ ಮರಿ ಮುಂದೆ ಹೊಲ ಹುಡುಕಿಕೊಂಡು ಬರುತ್ತದೆ. ಪ್ರೀತಿಯ ಹೆಸರಲ್ಲಿ ಮಾಡುವ ಈ ತಪ್ಪಿಗೆ ಪರಿಹಾರವೇ ಇಲ್ಲ.

ಕೈಕೊಡುವ ಕಾಯಿಲೆಗಳು

ಭೇದಿ ಶುರುವಾದರೆ ಒಂದು ಸಲದ ಹಾಲು ಬಿಟ್ಟು ಓಆರ್‌ಎಸ್ ಕೊಡಿ, ಆಮೇಲೆ ಅರ್ಧ ಹದದ ಹಾಲು. ಕಾದು ನೋಡೋಣ ಎನ್ನಬೇಡಿ, ವೈದ್ಯರನ್ನು ಆಗಲೇ ಕರೆಸಿ. ದವಡೆ ಹಲ್ಲು ಮೂಡುವಾಗಲೂ ಜ್ವರ, ಭೇದಿ ಬರುತ್ತವೆ. ಹಾಲುಪುಡಿಯ ಬ್ರಾಂಡ್ ಬದಲಿಸುವುದಿದ್ದರೆ ನಾಲ್ಕೈದು ದಿನ ಹಳೆಯದಕ್ಕೆ ಬೆರೆಸುತ್ತಾ ಹೋಗಿ.

ಏಷ್ಯಾದ ಆನೆಮರಿಗಳಿಗೆ ಇನ್ನೊಂದು ಗಂಡಾಂತರ ಆನೆ ಹರ್ಪಿಸ್ ವೈರಾಣು. ಹಾಲು ಬಿಡುವ ವಯಸ್ಸಿನ ಮರಿಗಳನ್ನು ಅದು ಒಂದೆರಡು ದಿನದಲ್ಲೇ ಕೊಲ್ಲಬಲ್ಲದು. ದಿನವೂ ಬಾಯಿ ತೆರೆಸಿ ನಾಲಿಗೆ ನೋಡಿ. ನಾಲಿಗೆ ನೇರಳೆ ಬಣ್ಣಕ್ಕೆ ತಿರುಗಿದ್ದರೆ, ತಲೆ ಅಥವಾ ಸೊಂಡಿಲು ಊದಿದ್ದರೆ, ಮರಿ ಮಂಕಾಗಿದ್ದರೆ ಔಷಧ ಆ ಗಂಟೆಯಲ್ಲೇ ಶುರುವಾಗಬೇಕು; ರಕ್ತಪರೀಕ್ಷೆಯ ವರದಿಗೆ ಕಾಯುತ್ತ ಕೂತರೆ ತಡವಾಗುತ್ತದೆ.

ಬಿಡುಗಡೆ

ಗೇಟು ತೆಗೆದು ಅಟ್ಟುವುದು ಬಿಡುಗಡೆಯಲ್ಲ. ನೈರೋಬಿಯ ಮರಿಗಳನ್ನು ಸುಮಾರು ಮೂರರ ವಯಸ್ಸಿಗೆ ತ್ಸಾವೊ ಕಾಡಿನ ವೋಯಿ, ಇಥುಂಬಾದಂಥ ಕೇಂದ್ರಗಳಿಗೆ ಒಯ್ಯುತ್ತಾರೆ. ಅಲ್ಲಿ ಹಗಲಿಡೀ ಕಾಡು, ರಾತ್ರಿ ಬೇಲಿಯೊಳಗೆ. ಕಾಡಾನೆಗಳು ಬರುವ ನೀರಿನ ಬಳಿ ಮರಿಗಳೂ ಸೇರುತ್ತವೆ. ಒಂದು ಸಂಜೆ ಒಂದೆರಡು ಹಿಂತಿರುಗುವುದಿಲ್ಲ, ಎರಡು ದಿನ ಬಿಟ್ಟು ಬರುತ್ತವೆ, ಮತ್ತೆ ಹೋಗುತ್ತವೆ. ಈ ಹೋಗಿಬರುವಿಕೆ ವರ್ಷಗಟ್ಟಲೆ ನಡೆಯುತ್ತದೆ, ಹುಡುಕಿ ಎಳೆತರಬೇಡಿ. ಶ್ರೀಲಂಕಾದ ಉಡವಳವೆಯಲ್ಲಿ 1995ರಲ್ಲಿ ಶುರುವಾದ ಕೇಂದ್ರದ್ದು ಬೇರೆ ದಾರಿ: ಮನುಷ್ಯರ ಒಡನಾಟ ಹಾಲಿನ ಹೊತ್ತಿಗಷ್ಟೇ, ಮರಿಗಳ ಬೆಳವಣಿಗೆ ಪರಸ್ಪರರ ಜೊತೆ, ಐದರ ಆಸುಪಾಸಿಗೆ ಗುಂಪಾಗಿ ಬಿಡುಗಡೆ. ಎಳೆ ಮರಿಗೆ ನೈರೋಬಿಯ ರೀತಿ, ಎರಡು ವರ್ಷ ದಾಟಿ ಬಂದದ್ದಕ್ಕೆ ಉಡವಳವೆಯ ರೀತಿ ಹೊಂದುತ್ತದೆ. ಯಾವುದೇ ಆಗಲಿ, ಒಂಟಿಯಾಗಿ ಬಿಡಬೇಡಿ. ಒಡನಾಡಿಗಳ ಜೊತೆಗೇ ಕಳಿಸಿ. ಗುಂಪಿನಲ್ಲಿ ಒಂದಕ್ಕಾದರೂ ರೇಡಿಯೋ ಕಾಲರ್ ಇರಲಿ, ಬೆಳೆಯುವ ಆನೆಯ ಕುತ್ತಿಗೆಗೆ ಅದು ಬಿಗಿಯಾಗದಂತೆ ನೋಡಿಕೊಳ್ಳಿ.

ಬಿಟ್ಟುಹೋದ ಹೆಣ್ಣಾನೆ ವರ್ಷಗಳ ಮೇಲೆ ತನ್ನ ಮರಿಯೊಂದಿಗೆ ಹಳೆಯ ಬೇಲಿಯ ಹತ್ತಿರ ಬಂದು ನಿಲ್ಲುವುದುಂಟು. ತೊಟ್ಟಿಯಲ್ಲಿ ನೀರಿರಲಿ. ಮರಿಯನ್ನು ಮುಟ್ಟಬೇಡಿ.