‘ಖುಷಿಯಾಯಿತು’ ಎಂದು ಬರೆದವಳ ಮುಷ್ಟಿ ಬಿಗಿದಿತ್ತು

ಮಡಿಕೇರಿಯಲ್ಲಿ ಬಿ.ಎಡ್. ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ. ಶಾಲೆಗಳಿಗೆ ಇಂಟರ್ನ್‌ಶಿಪ್‌ಗೆ ಹೋಗಿ ಬಂದವರು ಡೈರಿ ಬರೆದು ಕೊಡಬೇಕು. ಎಲ್ಲರದ್ದೂ ಒಂದೇ ಸಾಲು: ‘ಮಕ್ಕಳ ಜೊತೆ ಬೆರೆತು ತುಂಬಾ ಖುಷಿಯಾಯಿತು.’ ಒಬ್ಬರಿಗೂ ಸಿಟ್ಟು ಬಂದಿಲ್ಲ, ಹೆದರಿಕೆ ಆಗಿಲ್ಲ! ಮಾರ್ಕ್ಸ್ ಹಾಕುವವಳೇ ಓದುವ ಡೈರಿ ಅಲ್ವಾ, ನಿಜ ಯಾರು ಬರೆಯುತ್ತಾರೆ?

2015ರಲ್ಲಿ ಬಿ.ಎಡ್. ಎರಡು ವರ್ಷದ್ದಾದಾಗ ನಾಟಕ, ಕಲೆ ಎರಡೂ ಪಠ್ಯಕ್ಕೆ ಬಂದವು. ನಾವು ಅದನ್ನು ಕಾಲೇಜ್ ಡೇ ಸ್ಕಿಟ್ ಮಾಡಿ ಮುಗಿಸುತ್ತಿದ್ದೆವು. ಬ್ರೆಜಿಲ್‌ನ ರಂಗಕರ್ಮಿ ಅಗಸ್ಟೊ ಬೋಲ್ ಬೆಳೆಸಿದ ‘ಇಮೇಜ್ ಥಿಯೇಟರ್’ ಮಾಡಿ ನೋಡೋಣ ಅನಿಸಿತು. ಮಾತಿಲ್ಲ. ಆದದ್ದನ್ನು ಮೈಯಲ್ಲೇ ತೋರಿಸಿ, ಕಲ್ಲಿನ ಹಾಗೆ ನಿಲ್ಲಬೇಕು, ಅಷ್ಟೇ. ಆ ನಿಲುವೇ ‘ಚಿತ್ರ’.

ಜುಲೈ. ಹೊರಗೆ ಧೋ ಎಂದು ಮಳೆ, ಕರೆಂಟಿಲ್ಲ. ಬೆಂಚು ಸರಿಸಿ, ‘ಕ್ಲಾಸಿನಲ್ಲಿ ಸಾಕಪ್ಪಾ ಅನಿಸಿದ ಒಂದು ಗಳಿಗೆ ತೋರಿಸಿ’ ಎಂದೆ. ಒಬ್ಬಳು, ತಾನು ಪಾಠ ಮಾಡಿದ ಕ್ಲಾಸಿನ ಹುಡುಗನ ಪಾತ್ರಕ್ಕೆ ಗೆಳತಿಯನ್ನು ನೆಲದಲ್ಲಿ ಕೂರಿಸಿ, ಅವಳ ಮುಖ ಕಿಟಕಿಯ ಕಡೆ ತಿರುಗಿಸಿದಳು. ತಾನು ಎದುರು ನಿಂತಳು. ಮುಖದಲ್ಲಿ ನಗು, ಚಾಕ್‌ಪೀಸ್ ಹಿಡಿದ ಮುಷ್ಟಿ ಮಾತ್ರ ಬಿಗಿ. ಅದು ಯಾವ ಪಾಠ ಅಂತ ನನಗೆ ಗೊತ್ತಿತ್ತು. ಅವತ್ತು ನಾನೂ ಹಿಂದಿನ ಬೆಂಚಿನಲ್ಲಿದ್ದೆ.

ನಾನು ಭುಜ ಮುಟ್ಟಿದರೆ ಚಿತ್ರದಲ್ಲಿ ನಿಂತವರು ಮನಸ್ಸಿನಲ್ಲಿದ್ದದ್ದನ್ನು ಒಂದೇ ಮಾತಿನಲ್ಲಿ ಹೇಳಬೇಕು. ಮುಟ್ಟಿದೆ. ‘ಇವನು ಬೇಕಂತಲೇ ಉತ್ತರ ಕೊಡ್ತಿಲ್ಲ.’ ಕೂತವಳನ್ನು ಮುಟ್ಟಿದೆ. ‘ಟೀಚರ್ ಏನು ಕೇಳ್ತಿದ್ದಾರೆ ಅಂತಲೇ ಗೊತ್ತಾಗ್ತಿಲ್ಲ.’ ಆ ಹುಡುಗ ತೋಟದ ಲೈನ್ ಮನೆಯವನು (ಕಾರ್ಮಿಕರ ಸಾಲುಮನೆ), ಮನೆಯಲ್ಲಿ ಆಡುವುದು ಎರವ ಬುಡಕಟ್ಟಿನ ಭಾಷೆ. ಕೂತವಳಿಗೆ ಅದನ್ನು ಯಾರೂ ಹೇಳಿರಲಿಲ್ಲ. ಒಂದನೇ ಕ್ಲಾಸಿಗೆ ಸೇರಿದಾಗ ತನಗೂ ಕೊಡವ ತಕ್ಕ್, ಅಂದರೆ ಕೊಡವ ಭಾಷೆ, ಬಿಟ್ಟರೆ ಬೇರೆ ಬರುತ್ತಿರಲಿಲ್ಲ ಎಂದಳು.

ಆಮೇಲೆ ಉಳಿದವರು ಒಬ್ಬೊಬ್ಬರಾಗಿ ಟೀಚರ್ ಜಾಗದಲ್ಲಿ ನಿಂತು ಚಿತ್ರ ಬದಲಾಯಿಸಿದರು. ಒಬ್ಬ ಚಾಕಲೇಟ್ ಕೊಟ್ಟ, ಎಲ್ಲರೂ ನಕ್ಕರು. ಇನ್ನೊಬ್ಬಳು ಸುಮ್ನೆ ಪಕ್ಕದಲ್ಲಿ ಕೂತು ತಾನೂ ಕಿಟಕಿಯಾಚೆ ನೋಡಿದಳು. ಯಾರೂ ನಗಲಿಲ್ಲ.

ಮುಂದಿನ ವಾರ ಎಡವಿದೆ. ಒಬ್ಬ ವಿದ್ಯಾರ್ಥಿ ಕೊಡಗಿನಲ್ಲಿ 2018ರ ಆಗಸ್ಟಿನಲ್ಲಾದ ಭೂಕುಸಿತದ ಚಿತ್ರ ಮಾಡಿ ನಿಂತ. ನಾನು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿ ಕೆದಕಿದೆ. ಅವನು ಎದ್ದು ಹೊರಗೆ ಹೋದ. ಅತ್ತರೆ ಮಾತ್ರ ಪಾಠ ನಾಟಿತು ಅಂತ ನಂಬಿದ್ದ ಕಾಲ ಅದು; ತಪ್ಪು ಪೂರ್ತಿ ನನ್ನದು. ಈಗ ಯಾರು ಬೇಕಾದರೂ ‘ಸಾಕು’ ಅನ್ನಬಹುದು, ಅಲ್ಲಿಗೆ ನಿಲ್ಲಿಸುತ್ತೇನೆ. ಸ್ವಂತ ನೋವಿನ ಕತೆ ತನ್ನಿ ಅಂತ ಕೇಳುವುದಿಲ್ಲ. ಕೊನೆಗೆ ಎಲ್ಲರೂ ಕೈಕಾಲು ಕೊಡವಿ, ತಮ್ಮ ಹೆಸರು ಜೋರಾಗಿ ಹೇಳಿ ಪಾತ್ರದಿಂದ ಹೊರಬರಬೇಕು.

ಡೈರಿಯೂ ಈಗ ಚಿತ್ರ ಮುಗಿದ ಮೇಲೆಯೇ. ಹತ್ತು ನಿಮಿಷ, ಮಾರ್ಕ್ಸ್ ಇಲ್ಲ. ಚಾಕ್‌ಪೀಸ್ ಹಿಡಿದು ನಿಂತಿದ್ದವಳು ಬರೆದದ್ದು ಇಷ್ಟೇ: ‘ಅವತ್ತು ನನಗೆ ಸಿಟ್ಟು ಬಂದದ್ದು ಹುಡುಗನ ಮೇಲಲ್ಲ ಮೇಡಂ. ಹಿಂದೆ ಕೂತು ಏನೋ ಬರೆದುಕೊಳ್ಳುತ್ತಿದ್ದ ನಿಮ್ಮ ಮೇಲೆ.’