ಹಿಮದ ರಸ್ತೆಗೆ ನಾನು ಕಾರು ಆರಿಸಿದ್ದು ಹೀಗೆ

ಹಿಮ ಬೀಳುವ ಕಡೆ ಕಾರು ಕೊಳ್ಳಬೇಕು ಅಂದರೆ ಸಾಕು, ಎಲ್ಲರೂ ಆಲ್ ವೀಲ್ ಡ್ರೈವ್, ಅಂದರೆ ಎಂಜಿನ್ ನಾಲ್ಕೂ ಚಕ್ರ ತಿರುಗಿಸುವ ಕಾರು ತಗೊಳ್ಳಿ ಅನ್ನುತ್ತಾರೆ. ನಾನು ತೆಗೆದುಕೊಂಡದ್ದು ಮುಂದಿನ ಎರಡು ಚಕ್ರ ಮಾತ್ರ ಎಳೆಯುವ ಫ್ರಂಟ್ ವೀಲ್ ಡ್ರೈವ್. ಉಳಿದ ದುಡ್ಡಿನಲ್ಲಿ ನಾಲ್ಕು ಒಳ್ಳೆಯ ಚಳಿಗಾಲದ ಟೈರ್ ಕೊಂಡೆ, ಬೇರೆ ರಿಮ್ ಸಮೇತ.

ನಾಲ್ಕೂ ಚಕ್ರ ಎಳೆದರೆ ಕಾರು ಸಲೀಸಾಗಿ ಹೊರಡುತ್ತದೆ, ಏರು ಹತ್ತುತ್ತದೆ, ನಿಜ. ಆದರೆ ನಿಲ್ಲಬೇಕಲ್ವಾ? ಬ್ರೇಕ್ ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೂ ಇರುತ್ತದೆ. ಜಾರುವ ರಸ್ತೆಯಲ್ಲಿ ಕಾರು ಎಷ್ಟು ದೂರದಲ್ಲಿ ನಿಲ್ಲುತ್ತದೆ ಅನ್ನುವುದು ಟೈರಿನ ಹಿಡಿತಕ್ಕೆ ಬಿಟ್ಟದ್ದು. ತಿರುವಿನಲ್ಲೂ ಅಷ್ಟೇ.

ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಚಳಿ ಹೆಚ್ಚಾದರೆ ಬೇಸಿಗೆ ಟೈರಿನ ರಬ್ಬರ್ ಗಟ್ಟಿಯಾಗುತ್ತಾ ಹೋಗುತ್ತದೆ. ಚಳಿಗಾಲದ ಟೈರ್ ಆಗಲೂ ಮೆತ್ತಗೇ ಇರುತ್ತದೆ. ಅದರ ಮೇಲ್ಮೈಯ ಒಂದೊಂದು ರಬ್ಬರ್ ತುಂಡಿನ ಮೇಲೂ ಬ್ಲೇಡಿನಿಂದ ಗೀರಿದಂಥ ಸಣ್ಣ ಸೀಳುಗಳಿರುತ್ತವೆ. ಹೆಬ್ಬೆರಳಿನಿಂದ ಒತ್ತಿ ಎಳೆದರೆ ಬಾಯಿ ಬಿಡುತ್ತವೆ. ಹಿಮವನ್ನು ಕಚ್ಚಿ ಹಿಡಿಯುವುದು ಈ ಅಂಚುಗಳೇ. ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತನ್ನು ಹುಡುಕಿ. ಹಿಮದ ಮೇಲೆ ಪರೀಕ್ಷೆ ಪಾಸಾದ ಟೈರಿಗೆ ಮಾತ್ರ ಅದು ಸಿಗುತ್ತದೆ. ಬರೀ 'ಎಂ ಪ್ಲಸ್ ಎಸ್' (ಕೆಸರು ಮತ್ತು ಹಿಮ) ಅಂತ ಬರೆದಿದ್ದರೆ ಆ ಭರವಸೆ ಇಲ್ಲ. ಎರಡೇ ಟೈರ್ ಬದಲಿಸಿ ಸುಮ್ಮನಾಗಬೇಡಿ. ಮುಂದಿನ ಚಕ್ರ ಮಾತ್ರ ರಸ್ತೆ ಹಿಡಿದುಕೊಂಡರೆ ಕಾರಿನ ಹಿಂಭಾಗ ತಿರುಗಿಬಿಡುತ್ತದೆ.

ಹಾಗಾಗಿ ಕಾರು ನೋಡಲು ಹೋದಾಗೆಲ್ಲ ನಾನು ಮೊದಲು ಡ್ರೈವರ್ ಬಾಗಿಲು ತೆಗೆದು, ಬಾಗಿಲ ಚೌಕಟ್ಟಿನ ಕಂಬದ ಮೇಲಿನ ಸ್ಟಿಕರ್‌ನಲ್ಲಿ ಟೈರ್ ಅಳತೆ ಓದುತ್ತಿದ್ದೆ. ದೊಡ್ಡ ರಿಮ್, ಅಗಲ ಟೈರ್ ನೋಡಲು ಚೆಂದ. ಆದರೆ ಅಗಲ ಟೈರ್ ಸಡಿಲ ಹಿಮದ ಮೇಲೆ ತೇಲುತ್ತದೆ, ಕಿರಿದಾದದ್ದು ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಮುಟ್ಟುತ್ತದೆ. ಅದೇ ಕಾರಿಗೆ ಕಂಪನಿ ಒಪ್ಪಿದ ಸಣ್ಣ ರಿಮ್ ಇದೆಯೇ ಅಂತ ಕೇಳಿ. ದೊಡ್ಡ ಬ್ರೇಕ್ ಇರುವ ಮಾಡೆಲ್‌ಗೆ ಸಣ್ಣ ರಿಮ್ ಕೂರುವುದಿಲ್ಲ.

ಇನ್ನು ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಕಾರಿನ ಹೊಟ್ಟೆಗಿರುವ ಎತ್ತರ. ಹಿಮ ಕಾರಿನ ಹೊಟ್ಟೆಗಿಂತ ಎತ್ತರವಾದರೆ ಕಾರು ಅದರ ಮೇಲೆ ಕೂತುಬಿಡುತ್ತದೆ. ಚಕ್ರದ ಮೇಲೆ ಭಾರವೇ ಇರುವುದಿಲ್ಲ, ಸುಮ್ನೆ ತಿರುಗುತ್ತವೆ. ನಾನು ಓಡಾಡುವ ರಸ್ತೆಯಲ್ಲಿ ಬೆಳಿಗ್ಗೆಯೇ ಹಿಮ ತೆಗೆಯುತ್ತಾರೆ, ನನಗೆ ಸಾಧಾರಣ ಎತ್ತರ ಸಾಕಾಯಿತು. ನಿಮ್ಮ ಮನೆ ಕಡಿದಾದ ಏರಿನ ತುದಿಯಲ್ಲಿದ್ದು, ಹಿಮ ತೆಗೆಯುವವರು ತಡವಾಗಿ ಬರುತ್ತಾರೆ ಅಂದರೆ ಎತ್ತರದ ಆಲ್ ವೀಲ್ ಡ್ರೈವ್ ಕಾರೇ ಸರಿ. ಅದಕ್ಕೂ ಟೈರ್ ಮಾತ್ರ ಚಳಿಗಾಲದ್ದೇ ಇರಲಿ.

ಹಳೆಯ ಕಾರಾದರೆ ಸ್ಟೆಬಿಲಿಟಿ ಕಂಟ್ರೋಲ್ ಇಲ್ಲದ್ದನ್ನು ನಾನಂತೂ ಮುಟ್ಟುವುದಿಲ್ಲ. ಕಾರು ಅಡ್ಡ ತಿರುಗತೊಡಗಿದರೆ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ದಾರಿಗೆ ತರುವ ವ್ಯವಸ್ಥೆ ಅದು. ಅಮೆರಿಕದಲ್ಲಿ 2012ರ ಮಾಡೆಲ್‌ನಿಂದ, ಯುರೋಪಿಯನ್ ಒಕ್ಕೂಟದಲ್ಲಿ 2014ರ ನವೆಂಬರ್‌ನಿಂದ ಹೊಸ ಕಾರುಗಳಿಗೆ ಕಡ್ಡಾಯ. ಇಗ್ನಿಶನ್ ಆನ್ ಮಾಡಿದಾಗ ಜಾರುವ ಕಾರಿನ ಚಿತ್ರದ ದೀಪ ಹೊತ್ತಿ, ಆಮೇಲೆ ಆರಬೇಕು. ಆರದೆ ಹೊತ್ತಿಕೊಂಡೇ ಇದ್ದರೆ ಏನೋ ಕೆಟ್ಟಿದೆ. ಹೊತ್ತಲೇ ಇಲ್ಲ ಅಂದರೂ ಅನುಮಾನಪಡಿ.

ಆಮೇಲೆ ಮೊಬೈಲ್ ಟಾರ್ಚ್ ಹಿಡಿದು ಕಾರಿನ ಅಡಿ ನೋಡಿ. ರಸ್ತೆಗೆ ಸುರಿಯುವ ಉಪ್ಪು ಮೊದಲು ತಿನ್ನುವುದು ಅಲ್ಲಿಯೇ. ಮೇಲೆ ಎಷ್ಟೇ ಹೊಳೆಯುತ್ತಿರಲಿ, ಬ್ರೇಕ್ ಪೈಪ್ ತುಕ್ಕು ಹಿಡಿದು ಹೊಪ್ಪಳೆ ಏಳುತ್ತಿದ್ದರೆ ಆ ಕಾರು ಬೇಡ.