ಗಯಾನಾದ ಮರ, ಸಿಗಡಿ: ಕಂಟೈನರ್ ಬಾಗಿಲು ಮುಚ್ಚುವ ಮೊದಲು

ಜಾರ್ಜ್‌ಟೌನ್‌ನಿಂದ ನಾವು ಕಳಿಸುವುದು ಎರಡೇ ಸರಕು: ಗ್ರೀನ್‌ಹಾರ್ಟ್ ಮರ, ಸೀಬಾಬ್ ಸಿಗಡಿ. ಮರದಲ್ಲಿ ತಲೆನೋವು ತೂಕದ್ದು, ಸಿಗಡಿಯಲ್ಲಿ ತಂಪಿನದು.

ಗ್ರೀನ್‌ಹಾರ್ಟ್ ನೀರಿಗೆ ಬಿದ್ದರೆ ಮುಳುಗುವ ಮರ. ಹಸಿಯಿದ್ದಾಗ ಘನ ಮೀಟರಿಗೆ 1,200 ಕಿಲೋ ಲೆಕ್ಕ ಹಿಡಿಯುತ್ತೇವೆ. 20 ಅಡಿ ಕಂಟೈನರಿನಲ್ಲಿ 33 ಘನ ಮೀಟರ್ ಜಾಗವಿದ್ದರೂ 18ಕ್ಕೇ ನಿಲ್ಲಿಸಬೇಕು, ಅಷ್ಟಕ್ಕೇ ತೂಕ 22 ಟನ್ ಸಮೀಪಿಸಿ ಮಿತಿ ಮುಟ್ಟುತ್ತದೆ. ಜಾಗ ನೋಡಿ ದರ ಹೇಳಿದವರ ಲಾಭವೆಲ್ಲ ಹಡಗಿನ ಬಾಡಿಗೆಗೆ ಹೋಗುತ್ತದೆ.

ಕೊಯ್ದ ದಿನವೇ ತೊಲೆಯ ಎರಡೂ ತುದಿಗೆ ಮೇಣ ಬಳಿಯುತ್ತೇವೆ. ತುದಿಯಿಂದ ನೀರು ಬೇಗ ಆರುತ್ತದೆ, ನಡುಭಾಗ ಹಸಿಯಾಗೇ ಇರುತ್ತದೆ. ಸೀಳು ಬಿಡುವುದು ಅದಕ್ಕೇ. ಸೀಳಿದ ತುದಿ ಕತ್ತರಿಸಿದರೆ ಆರ್ಡರಿನ ಉದ್ದ ಸಿಗುವುದಿಲ್ಲ. ಹಾಗಾಗಿ ಮೊದಲೇ 10 ಸೆಂ.ಮೀ. ಉದ್ದ ಹೆಚ್ಚು ಬಿಡಿಸುತ್ತೇವೆ.

ಮರ ಎಲ್ಲಿಂದ ಬಂತೆಂದು ತೋರಿಸುವ ಅರಣ್ಯ ಆಯೋಗದ ಟ್ಯಾಗಿನ ಒಂದು ತುಂಡು ಕಡಿದ ಬುಡದ ಮೇಲೆ, ಅದೇ ಸಂಖ್ಯೆಯ ಇನ್ನೊಂದು ದಿಮ್ಮಿಯ ಮೇಲೆ. ಕಾಡಿನಲ್ಲಿ ಇದು ಸಲೀಸು. ಎಡವುವುದು ಗರಗಸದ ಮಿಲ್ಲಿನಲ್ಲಿ: ದಿಮ್ಮಿ ಹಲಗೆಯಾದ ಮೇಲೆ ಟ್ಯಾಗ್ ಎಲ್ಲಿ? ಯಾವ ಸಂಖ್ಯೆಯಿಂದ ಎಷ್ಟು ಹಲಗೆ ಬಂತು ಅಂತ ಗರಗಸ ನಿಲ್ಲುವ ಮೊದಲೇ ರಿಜಿಸ್ಟರಿಗೆ ಏರಿಸಬೇಕು. ಸಂಜೆ ನೆನಪಿನಿಂದ ಬರೆದದ್ದು ತಪಾಸಣೆಯಲ್ಲಿ ತಾಳೆಯಾಗುವುದಿಲ್ಲ.

ಸೀಬಾಬ್ ಸಣ್ಣ ಸಿಗಡಿ. ಬಲೆ ಎತ್ತಿದ ಕೂಡಲೇ ತೊಳೆದು, ಒಂದು ಪದರ ಐಸ್, ಒಂದು ಪದರ ಸಿಗಡಿ, ತೂಕಕ್ಕೆ ತೂಕ. ಅಮೆರಿಕಕ್ಕೆ ಹೋಗುವುದಾದರೆ ಬಲೆಯಲ್ಲಿ ಆಮೆ ತಪ್ಪಿಸಿಕೊಳ್ಳುವ ಸಾಧನ ಇರಲೇಬೇಕು. ತಲೆ ಕಪ್ಪಾಗುವುದನ್ನು ಕೊಳೆತ ಅಂದುಕೊಳ್ಳುತ್ತಾರೆ. ಅಲ್ಲ, ಸಿಗಡಿಯದೇ ಕಿಣ್ವಕ್ಕೆ ಗಾಳಿ ತಾಗಿ ಹಾಗಾಗುತ್ತದೆ. ತಡೆಯಲು 1.25% ಮೆಟಾಬೈಸಲ್ಫೈಟ್ (ಗಂಧಕದ ಒಂದು ಲವಣ) ಬೆರೆಸಿದ ನೀರಿನಲ್ಲಿ ಒಂದೇ ನಿಮಿಷ ಅದ್ದುವುದು. ಹೆಚ್ಚು ಹೊತ್ತು ಬಿಟ್ಟರೆ ಸಿಗಡಿಯಲ್ಲಿ ಉಳಿಯುವ ಸಲ್ಫೈಟ್ ಅಮೆರಿಕದ 100 ಪಿಪಿಎಂ (ಹತ್ತು ಲಕ್ಷಕ್ಕೆ ನೂರು ಭಾಗ) ಮಿತಿ ದಾಟಬಹುದು. ಗಡಿಯಾರ ಹಿಡಿದೇ ನಿಲ್ಲಬೇಕು, ಅಂದಾಜು ಇಲ್ಲಿ ನಡೆಯದು.

ರೀಫರ್, ಅಂದರೆ ತಂಪು ಯಂತ್ರವಿರುವ ಕಂಟೈನರ್, ತಂಪು ಕಾಯುತ್ತದೆಯೇ ಹೊರತು ಹೆಪ್ಪುಗಟ್ಟಿಸುವುದಿಲ್ಲ. ಪೆಟ್ಟಿಗೆಯ ನಟ್ಟನಡುವೆ ತಾಪಮಾಪಕ ಚುಚ್ಚಿ ಮೈನಸ್ 18 ಡಿಗ್ರಿ ಕಂಡ ಮೇಲೇ ತುಂಬಿಸುವುದು. ಒಳಗೋಡೆಯ ಕೆಂಪು ಗೆರೆಗಿಂತ ಮೇಲಕ್ಕೆ ಒಂದು ಪೆಟ್ಟಿಗೆಯೂ ಕೂಡದು, ಗಾಳಿ ಮರಳುವ ದಾರಿ ಅದು. ತಂಪು ಗಾಳಿ ನೆಲದ ಸಾಲುಗಳಿಂದ ಮೇಲೇಳುವುದರಿಂದ, ಬಾಗಿಲ ಬಳಿ ಖಾಲಿ ನೆಲ ಉಳಿದರೆ ಗಾಳಿಯೆಲ್ಲ ಅಲ್ಲೇ ನುಸುಳಿ ಹೋಗುತ್ತದೆ. ಅಷ್ಟು ಜಾಗಕ್ಕೆ ದಪ್ಪ ರಟ್ಟು ಹಾಸುತ್ತೇವೆ.